ಪಾರ್ಟಿ ಮುರಕೊಂಡ ಒಂದು ಪರ್ಸೆಂಟ್ ವಾಪಸ್ ಬರುತ್ತಾ? ಅನುಭವ ಇದ್ದೋರು ಹೇಳ್ರಿ

ಕೇಳಿದವರು: ಬಳ್ಳಾರಿ, ಕೌಲ್ ಬಜಾರ್

ನಾನೂ ನಮ್ಮ ಮನೆಯವರೂ ಆರು ಮಷಿನ್ ಹಾಕ್ಕೊಂಡು ಜೀನ್ಸ್ ಜಾಬ್ ವರ್ಕ್ ಮಾಡ್ತೀವಿ. ಕಟಿಂಗ್ ಆದ ಬಟ್ಟೆ ಪಾರ್ಟಿಯವರೇ ಕೊಡ್ತಾರೆ, ನಮ್ಮದು ಪೀಸ್ ಲೆಕ್ಕದ ಹೊಲಿಗೆ ಕೂಲಿ. ಯೂನಿಟ್ ನನ್ನ ಹೆಸರಲ್ಲಿದೆ. 2025-26ರಲ್ಲಿ 18 ಲಕ್ಷ ಬಿಲ್ ಆಯ್ತು. 12 ಲಕ್ಷ ಬ್ಯಾಂಕಿಗೆ ಬಂತು, ಉಳಿದದ್ದು ಸಣ್ಣ ಪಾರ್ಟಿಗಳಿಂದ ನಗದು. ಟೈಲರ್‌ಗಳ ಬಟವಾಡೆ, ದಾರ, ಕರೆಂಟು, ಬಾಡಿಗೆ ಎಲ್ಲ ಹೋಗಿ 4 ಲಕ್ಷದ ಹತ್ರ ಉಳೀತು. ದೊಡ್ಡ ಪಾರ್ಟಿಯೊಬ್ಬರು ಪ್ರತಿ ಬಿಲ್ಲಿಗೂ ಒಂದು ಪರ್ಸೆಂಟ್ ಮುರಕೊಂಡೇ ಕೊಡ್ತಾರೆ. ಇವತ್ತಿನ ತನಕ ನಾವು ಆದಾಯ ತೆರಿಗೆ ರಿಟರ್ನ್ ಹಾಕಿಲ್ಲ. ಹಾಕಬೇಕಾ? ದಾರದ ಉಂಡೆಗೂ ರಸೀದಿ ಇಡಬೇಕಾ?

ಬಳ್ಳಾರಿಯಿಂದ, ಜೀನ್ಸ್ ಯೂನಿಟ್ ನಡೆಸುವವರು

ಹಾಕ್ರಿ ಅಕ್ಕಾ, ತಪ್ಪದೇ ಹಾಕ್ರಿ. ಆ ಒಂದು ಪರ್ಸೆಂಟ್ ಅಂದ್ರೆ ಟಿಡಿಎಸ್, ಆದಾಯ ತೆರಿಗೆ ಕಾನೂನಿನ 194ಸಿ ಸೆಕ್ಷನ್ ಪ್ರಕಾರ ಬಿಲ್ ಕೊಡುವಾಗಲೇ ಮುರಿಯೋ ತೆರಿಗೆ. ಅದು ನಿಮ್ಮ ದುಡ್ಡೇ, ನಿಮ್ಮ ಪ್ಯಾನ್ ಹೆಸರಲ್ಲಿ ಸರ್ಕಾರದ ಹತ್ರ ಕೂತಿರುತ್ತೆ. ನೀವು ರಿಟರ್ನ್ ಹಾಕಿ ಕೇಳೋ ತನಕ ಅದು ತಾನಾಗಿ ಬರಲ್ಲ. ನಮಗೆ ತೆರಿಗೆನೇ ಬೀಳಲ್ಲ, ರಿಟರ್ನ್ ಯಾಕೆ ಅಂತ ನಾವು ಮೂರು ವರ್ಷ ಸುಮ್ಮನೆ ಕೂತ್ವಿ. ಅಷ್ಟರಲ್ಲಿ ಎರಡು ವರ್ಷದ್ದು ಕೈಬಿಟ್ಟು ಹೋಯ್ತು. ಗಡುವು ದಾಟಿದರೂ ಅದೇ ವರ್ಷದ ಡಿಸೆಂಬರ್ 31ರ ಒಳಗೆ ಹಾಕಬಹುದು, ಆದಾಯ 5 ಲಕ್ಷ ದಾಟದಿದ್ದರೆ ತಡದ ಶುಲ್ಕ 1,000ಕ್ಕಿಂತ ಮೇಲಿಲ್ಲ. ಅದೂ ದಾಟಿದರೆ ಸಾಮಾನ್ಯವಾಗಿ ಉಳಿಯೋದು ಅಪ್‌ಡೇಟೆಡ್ ರಿಟರ್ನ್, ಅದರಲ್ಲಿ ರೀಫಂಡ್ ಕೇಳೋಕೆ ಬರಲ್ಲ.

ಮೊದಲು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಲಾಗಿನ್ ಆಗಿ 26ಎಎಸ್ ಅನ್ನೋ ಪಟ್ಟಿ ತೆಗೀರಿ. ಯಾವ ಪಾರ್ಟಿ ಎಷ್ಟು ಬಿಲ್ ತೋರಿಸಿ ಎಷ್ಟು ಕಟ್ಟಿದಾರೆ ಅನ್ನೋದು ಅಲ್ಲಿರುತ್ತೆ. ಬಿಲ್ ಬುಕ್ ಪಕ್ಕದಲ್ಲಿಟ್ಟು ಒಂದೊಂದೇ ಟಿಕ್ ಹಾಕ್ತಾ ಹೋಗ್ರಿ. ನನ್ನ ಟಿಡಿಎಸ್ ಒಂದು ಸಲ ಅದರಲ್ಲಿ ಬರಲೇ ಇಲ್ಲ. ಹುಡುಕಿದ್ರೆ, ಬಿಲ್ ಮೇಲೆ ನಾನು ಕೈಯಲ್ಲಿ ಬರೆದ ಪ್ಯಾನ್‌ನ 1 ಅವರ ಗುಮಾಸ್ತನಿಗೆ 7 ಅಂತ ಕಂಡಿತ್ತು. ಅವರು ತಮ್ಮ ಟಿಡಿಎಸ್ ರಿಟರ್ನ್ ತಿದ್ದಿದ ಮೇಲೇ ಅದು ನನ್ನ ಲೆಕ್ಕಕ್ಕೆ ಸೇರಿದ್ದು. ಅವತ್ತಿಂದ ಪ್ಯಾನ್ ನಂಬರಿನ ರಬ್ಬರ್ ಸ್ಟ್ಯಾಂಪೇ ಮಾಡಿಸಿಟ್ಟಿದೀನಿ.

ರಸೀದಿ ವಿಷಯಕ್ಕೆ ಬರೋಣ. ನಿಮ್ಮಂಥೋರಿಗೆ 44ಎಡಿ ಅಂತ ಒಂದು ದಾರಿ ಐತೆ. ವಹಿವಾಟು 2 ಕೋಟಿ ಒಳಗಿದ್ದರೆ ಬ್ಯಾಂಕಿಗೆ ಬಂದದ್ದರಲ್ಲಿ 6 ಪರ್ಸೆಂಟ್, ನಗದಿನಲ್ಲಿ 8 ಪರ್ಸೆಂಟ್ ಕನಿಷ್ಠ ಲಾಭ ಅಂತ ಹಿಡೀತಾರೆ. ಫಾರ್ಮ್ ಐಟಿಆರ್-4. ಖರ್ಚಿನ ಪುಸ್ತಕ ಕೇಳಲ್ಲ. ಹಾಗೇನೇ ದಾರ, ಬಾಡಿಗೆ, ಸವಕಳಿ ಅಂತ ಮತ್ತೆ ಬೇರೆ ಕಳೆಯೋಕೂ ಬರಲ್ಲ. ನಿಮ್ಮ ಲೆಕ್ಕಕ್ಕೆ 72,000 ಮತ್ತು 48,000, ಒಟ್ಟು 1,20,000 ಆಯ್ತು.

ಇಲ್ಲೇ ನಿಲ್ಲಬೇಡ್ರಿ ಅಕ್ಕಾ. ಅದು ಕನಿಷ್ಠ ಅಷ್ಟೇ. ನಿಜವಾಗಿ 4 ಲಕ್ಷ ಉಳಿದಿದ್ದರೆ 4 ಲಕ್ಷನೇ ತೋರಿಸ್ರಿ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಇಂಥ ಆದಾಯ 12 ಲಕ್ಷದ ತನಕ ರಿಬೇಟ್ (ತೆರಿಗೆ ಮಾಫಿ) ಕಳೆದು ತೆರಿಗೆ ಸೊನ್ನೆ. ಕಡಿಮೆ ತೋರಿಸಿ ಒಂದು ರೂಪಾಯಿನೂ ಉಳಿಯಲ್ಲ. ನಾನು ಕನಿಷ್ಠ ತೋರಿಸಿದ ವರ್ಷ ಹೊಸ ಮಷಿನ್‌ಗೆ ಮುದ್ರಾ ಸಾಲ ಕೇಳೋಕೆ ಹೋದೆ. ಮ್ಯಾನೇಜರ್ ನನ್ನ ರಿಟರ್ನ್ ತಿರುಗಿಸಿ ಆ ಅಂಕಿ ಮೇಲೆ ಬೆರಳಿಟ್ಟರು: "ವರ್ಷಕ್ಕೆ ಇಷ್ಟೇ ದುಡಿಯೋರು ಕಂತು ಹೆಂಗೆ ಕಟ್ತೀರಿ?" ನನ್ನ ಹತ್ರ ಉತ್ತರ ಇರಲಿಲ್ಲ.

ಬಟವಾಡೆ ಪುಸ್ತಕ ಮಾತ್ರ ಬಿಡಬೇಡ್ರಿ. ಕಾನೂನು ಕೇಳದಿದ್ದರೂ, ಶನಿವಾರ ಶನಿವಾರ ಕೂಲಿ ಕೊಟ್ಟ ಆ ಲೆಕ್ಕದಿಂದಲೇ ನಿಮ್ಮ 4 ಲಕ್ಷ ನಿಜ ಅಂತ ಗೊತ್ತಾಗೋದು.

ಗಂಗಾವತಿಯಿಂದ, ಭತ್ತದ ದಲ್ಲಾಳಿ

ಇದನ್ನ ಓದಿ ಎಲ್ಲಾರೂ ಐಟಿಆರ್-4ಕ್ಕೆ ಓಡಬ್ಯಾಡ್ರಿ. ಕಮಿಷನ್ ಮ್ಯಾಲೆ ದುಡಿಯೋರಿಗೆ 44ಎಡಿ ಇಲ್ಲ. ನಾನು ಗೊತ್ತಿಲ್ಲದ ಅದರಾಗ ಹಾಕಿ ನೋಟಿಸ್ ತಗೊಂಡೀನಿ. ಈಗ ಐಟಿಆರ್-3, ಪೂರ್ತಿ ಲೆಕ್ಕ. ಗುಮಾಸ್ತನ ಪಗಾರ, ಅಂಗಡಿ ಬಾಡಿಗಿ, ಫೋನು, ಹಳ್ಳಿ ತಿರುಗೋ ಪೆಟ್ರೋಲು ಎಲ್ಲಾ ಕಳೀಬಹುದು, ಆದ್ರ ವ್ಯಾಪಾರಕ್ಕ ಆದದ್ದಷ್ಟೇ. ಮಗಳ ಲಗ್ನಕ್ಕ ತಿರುಗಿದ ಪೆಟ್ರೋಲ್ ಅದರಾಗ ಸೇರಿಸಬಾರದು. ಒಬ್ಬರಿಗೆ ಒಂದು ದಿನಕ್ಕ 10,000 ಮ್ಯಾಲೆ ನಗದು ಕೊಟ್ರ ಆ ಖರ್ಚು ಒಪ್ಪಂಗಿಲ್ಲ. ಹಮಾಲಿ ದುಡ್ಡನ್ನ ಮೇಸ್ತ್ರಿ ಒಬ್ಬನ ಕೈಗೆ ಒಮ್ಮೆಲೇ ಕೊಟ್ಟು ನಾನು ಇದರಾಗೂ ಸಿಕ್ಕಿದ್ದೆ. ಈಗ ಮೇಸ್ತ್ರಿ ಖಾತೆಗೇ ಹಾಕ್ತೀನಿ.

ರಾಯಚೂರಿನಿಂದ, ಸಣ್ಣ ಗೂಡ್ಸ್ ಗಾಡಿ ಮಾಲೀಕರು

ಗೂಡ್ಸ್ ಗಾಡಿ ಇದ್ದೋರಿಗೆ 44ಎಡಿ ಥರದ್ದೇ ಇನ್ನೊಂದು ದಾರಿ, 44ಎಇ. ಹತ್ತು ಗಾಡಿ ಮೀರಬಾರದು. ನನ್ನಂಥ ಸಣ್ಣ ಗಾಡಿಗೆ ತಿಂಗಳಿಗೆ 7,500, ವರ್ಷಕ್ಕೆ 90,000 ಲಾಭ ಅಂತ ಹಿಡೀತಾರೆ. ಬಾಡಿಗೆ ಸಿಗದೆ ನಿಂತ ತಿಂಗಳೂ ಲೆಕ್ಕಕ್ಕೆ ಬರುತ್ತೆ, ಅದನ್ನು ತಿಳ್ಕೊಂಡಿರ್ರಿ.

ಬಳ್ಳಾರಿಯಿಂದ, ಜೀನ್ಸ್ ಯೂನಿಟ್ ನಡೆಸುವವರು

ಎರಡು ಮಾತು ಬಿಟ್ಟುಹೋಗಿತ್ತು ಅಕ್ಕಾ. ಹೊಲಿಗೆ ಕೂಲಿ ಸೇವೆ ಲೆಕ್ಕಕ್ಕೆ ಬರುತ್ತೆ, ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕು. ನೀವು 18ರಲ್ಲಿದೀರಿ, ದೀಪಾವಳಿ ಆರ್ಡರ್ ಜೋರಾದರೆ ದಾಟೇಬಿಡುತ್ತೆ. ಪ್ರತಿ ತಿಂಗಳೂ ಬಿಲ್ ಕೂಡಿಸಿ ನೋಡ್ತಿರ್ರಿ. ಇನ್ನೊಂದು, ಸಣ್ಣ ಉದ್ದಿಮೆಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಅಂತ ಐತೆ, ಅದನ್ನ ಮಾಡಿಸ್ರಿ, ದುಡ್ಡು ಬೇಕಾಗಿಲ್ಲ. ಅದು ಇದ್ದರೆ, ಲಿಖಿತ ಒಪ್ಪಂದ ಇರೋ ಕಡೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಪಾರ್ಟಿ ನಿಮಗೆ ಕೊಡಬೇಕು. ತಡ ಮಾಡಿ ಬಾಕಿ ಇಟ್ಕೊಂಡ್ರೆ ಆ ವರ್ಷದ ಖರ್ಚಿನಲ್ಲಿ ಅದನ್ನ ಅವರು ಕಳೆಯೋಕೆ ಬರಲ್ಲ. ಮಾರ್ಚ್‌ನಲ್ಲಿ ಇದನ್ನ ನೆನಪಿಸಿದ್ರೆ ಹಳೇ ಬಾಕಿ ಬರುತ್ತೆ, ನನಗೆ ಬಂದಿದೆ.

ಕೇಳಿದವರು

ನಿನ್ನೆ ರಾತ್ರಿ ಮಗ 26ಎಎಸ್ ತೆಗೆದ. ಮೂರು ಕ್ವಾರ್ಟರ್ ಕೂಡಿ 6,840 ಇದೆ. ಅಕ್ಟೋಬರ್‌ನಿಂದ ಡಿಸೆಂಬರ್ ತನಕದ್ದು ಕಾಣ್ತಿಲ್ಲ, ನಮಗೆ ಹೆಚ್ಚು ಕೆಲಸ ಇದ್ದದ್ದೇ ಆಗ. ನಾಳೆ ಪಾರ್ಟಿ ಆಫೀಸಿಗೆ ಹೋಗ್ತೀನಿ. ಏನಂತ ಕೇಳಲಿ ಅಣ್ಣಾ?

ಬಳ್ಳಾರಿಯಿಂದ, ಜೀನ್ಸ್ ಯೂನಿಟ್ ನಡೆಸುವವರು

ಮೂರನೇ ಕ್ವಾರ್ಟರ್‌ನ ಫಾರ್ಮ್ 16ಎ, ಅಂದ್ರೆ ಟಿಡಿಎಸ್ ಮುರಿದದ್ದರ ಸರ್ಟಿಫಿಕೇಟ್ ಕೊಡ್ರಿ ಅಂತ ಕೇಳ್ರಿ. ಕೊಟ್ಟರೆ ಅದರ ಮೇಲಿನ ಪ್ಯಾನ್ ಅಲ್ಲೇ ಓದಿ ನೋಡ್ರಿ. ಇಲ್ಲ ಅಂದ್ರೆ ದುಡ್ಡು ಕಟ್ಟಿದಾರಾ, ರಿಟರ್ನ್‌ನಲ್ಲಿ ನಿಮ್ಮ ಹೆಸರು ಬಿಟ್ಟಿದಾರಾ ಅಂತ ಅಕೌಂಟೆಂಟ್ ಹತ್ರ ಕೇಳ್ರಿ. ಆ ಮೂರು ತಿಂಗಳ ಬಿಲ್ ಕಾಪಿ, ಪ್ಯಾನ್ ಕಾರ್ಡ್ ಜೆರಾಕ್ಸ್ ಕೈಯಲ್ಲಿರಲಿ. ಅವರು ತಿದ್ದಿ ಅದು 26ಎಎಸ್‌ನಲ್ಲಿ ಕಂಡ ಮೇಲೆ ನೀವು ರಿಟರ್ನ್ ಹಾಕ್ರಿ.