‘ಆಮ್‌ಸ್ಟುಟ್ಸ್’ ಅಂದ್ರೆ ಏನು? ಸ್ವಿಸ್ ಅಡ್ಡಹೆಸರು ಗೊತ್ತಿದ್ದವರು ಹೇಳಿ

ಪೆರ್ಲದಕ್ಕ:
ತಮ್ಮ ಬರ್ನ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನ ಆಫೀಸಿನ ಒಬ್ಬರು ಮೊನ್ನೆ ನಮ್ಮ ಮನೆಗೆ ಬಂದಿದ್ದರು, ಅಡ್ಡಹೆಸರು ಆಮ್‌ಸ್ಟುಟ್ಸ್. ಗೇಟಿನ ಬೋರ್ಡ್ ನೋಡಿ ‘ಬರೆಮನೆ’ ಅಂದ್ರೆ ಏನು ಅಂತ ಕೇಳಿದರು. ಅಪ್ಪ ಅವರನ್ನು ಹಿತ್ತಿಲಿಗೆ ಕರಕೊಂಡು ಹೋಗಿ ಕಡಿದಾದ ಮಣ್ಣಿನ ಬರೆಯನ್ನೇ ತೋರಿಸಿದರು. ಅವರು ಜೋರಾಗಿ ನಕ್ಕು ನಂದೂ ಇದೇ ಅಂದರು, ಅಷ್ಟರಲ್ಲಿ ಜೀಪು ಬಂತು, ಮಾತು ಅಲ್ಲಿಗೇ ನಿಂತಿತು. ತಮ್ಮನನ್ನು ಕೇಳಿದರೆ ‘ಸ್ಟುಟ್ಸ್ ಅಂದ್ರೆ ಇಲ್ಲಿ ದುಡ್ಡು’ ಅಂತಾನೆ. ಯಾವುದು ಸರಿ?

ಅಡ್ಕದ ಮಾಣಿ:
ಅಕ್ಕಾ, ತಮ್ಮ ಹೇಳಿದ್ದು ಸುಳ್ಳಲ್ಲ, ಅಲ್ಲಿನ ಆಡುಮಾತಿನಲ್ಲಿ ಫ್ರಾಂಕಿಗೆ ಶ್ಟುಟ್ಸ್ ಅಂತಾರೆ. ಆದ್ರೆ ಹೆಸರಿಗೂ ದುಡ್ಡಿಗೂ ಸಂಬಂಧ ಇಲ್ಲ. ‘ಶ್ಟುಟ್ಸ್’ ಅಂದ್ರೆ ಕಡಿದಾದ ಇಳಿಜಾರು, ದಾರಿಯಲ್ಲಾದರೆ ನಾವು ಚಡಾವು ಅನ್ನುತ್ತೇವಲ್ಲ, ಅದು. ‘ಆಮ್’ ಅಂದ್ರೆ ‘ಅದರ ಹತ್ತಿರ’. ಚಡಾವಿನ ಬಳಿ ಮನೆ ಇದ್ದವನು, ಅಷ್ಟೇ. (ಉಚ್ಚಾರ ಆಮ್‌ಶ್ಟುಟ್ಸ್, ನಾವು ಸುಮ್ನೆ ಸ್ಟ ಅಂತ ಬರೆಯುತ್ತೇವೆ.) ಇಂಥವು ಅಲ್ಲಿ ಜಾಸ್ತಿ: ತ್ಸುರ್‌ಬ್ರಿಗ್ಗನ್ ಅಂದ್ರೆ ಸಂಕದ ಹತ್ತಿರದವರು, 1988ರ ಒಲಿಂಪಿಕ್ಸಿನಲ್ಲಿ ಸ್ಕೀಯಿಂಗ್ ಚಿನ್ನ ಗೆದ್ದ ಪಿರ್ಮಿನ್ ತ್ಸುರ್‌ಬ್ರಿಗ್ಗನ್ ಗೊತ್ತಲ್ವಾ. ಡ್ಯೂರೆನ್‌ಮಾಟ್ ಅಂದ್ರೆ ಒಣ ಹುಲ್ಲುಗಾವಲು. ತ್ಸೆರ್‌ಮಾಟ್ ಊರಿನ ಹೆಸರಿನಲ್ಲಿರುವುದೂ ಅದೇ ‘ಮಾಟ್’. ನಮ್ಮಲ್ಲಿ ಅಡ್ಕ, ಬೈಲು, ಕೋಡಿ, ಮೂಲೆ ಅಂತ ಮನೆಹೆಸರು ಇಟ್ಟ ಹಾಗೆಯೇ. ಕವಿ ಕಯ್ಯಾರ ಕಿಞ್ಞಣ್ಣ ರೈಯವರ ಹೆಸರಿನಲ್ಲೂ ಮೊದಲು ಬರುವುದು ಊರೇ.

ಕುಂಬ್ಳೆ ಕಂಡಕ್ಟರ್:
ಹಾಗಾದ್ರೆ ಎಲ್ಲಾ ಆಮ್‌ಸ್ಟುಟ್ಸ್‌ಗಳೂ ನೆಂಟರಾ ಮಾರಾಯ್ರೇ?

ಅಡ್ಕದ ಮಾಣಿ:
ಇಲ್ಲಪ್ಪ. ಚಡಾವು ಒಂದೇ ಊರಿನ ಸೊತ್ತಾ? ಥುನ್ ಸರೋವರದ ಮೇಲಿನ ಸಿಗ್ರಿಸ್‌ವಿಲ್‌ನಲ್ಲೂ ಈ ಹೆಸರಿನವರಿದ್ದಾರೆ, ಎಂಗೆಲ್‌ಬೆರ್ಗ್‌ನಲ್ಲೂ ಇದ್ದಾರೆ. ಎರಡೂ ಬೆಟ್ಟದ ಊರು. ನಮ್ಮಲ್ಲಿ ಹತ್ತು ಕಡೆ ‘ಅಡ್ಕದವರು’ ಇಲ್ವಾ, ಹಾಗೆ. ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಸ್ವಿಸ್ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಹಾಕುವುದಿಲ್ಲ, ‘ಹೈಮಾಟ್‌ಓರ್ಟ್’ ಹಾಕುತ್ತಾರೆ. ಅಂದ್ರೆ ಆ ಕುಟುಂಬದ ಪೌರತ್ವ ಯಾವ ಊರಿನದೋ ಅದು. ಅಲ್ಲಿ ಒಂದು ದಿನವೂ ಇದ್ದಿರಬೇಕೆಂದಿಲ್ಲ. ನಮ್ಮ ತರವಾಡು ಮನೆಯನ್ನು ಸರ್ಕಾರವೇ ಪಾಸ್‌ಪೋರ್ಟಿನಲ್ಲಿ ಬರೆದುಕೊಟ್ಟ ಹಾಗೆ!

ಪೆರ್ಲದಕ್ಕ:
ತಮ್ಮನ ಹತ್ತಿರ ಕೇಳಿಸಿದೆ. ಅವರು ಹುಟ್ಟಿದ್ದು ಬಾಸೆಲ್‌ನಲ್ಲಂತೆ, ಪಾಸ್‌ಪೋರ್ಟಿನಲ್ಲಿ ಇರುವುದು ಸಿಗ್ರಿಸ್‌ವಿಲ್! ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಕಳೆದ ಮಳೆಗಾಲದಲ್ಲಿ ನಮ್ಮ ಬರೆ ಜರಿದು ನಾಲ್ಕು ಅಡಿಕೆ ಮರ ಹೋದ ಸಂಕಟ ಅವರಿಗೆ ಇನ್ನೂ ಇದೆ. ‘ಅವರದ್ದು ಮಳೆಗೆ ಜರಿಯುತ್ತದಾ, ಅದೊಂದು ಕೇಳು’ ಅಂದರು.