ಕುದುರೆ ಕಚ್ಚುವ ಈ ಪುಟ್ಟ ಹುಳ ನುಸಿಯೋ, ನೊರಜೋ?

ಎಲ್ಲರಿಗೂ ನಮಸ್ಕಾರ.

ಪುಣೆಯ ಹೊರಗೆ ಒಂದು ಲಾಯದಲ್ಲಿ ನಮ್ಮದೊಂದು ಹೆಣ್ಣು ಕುದುರೆ ಇದೆ. ಮಳೆಗಾಲ ಶುರುವಾದರೆ ಸಾಕು, ಅದಕ್ಕೆ ತುರಿಕೆ. ಹೋದ ವರ್ಷ ಕಂಬಕ್ಕೆ ಉಜ್ಜಿ ಉಜ್ಜಿ ಬಾಲದ ಬುಡದ ಕೂದಲನ್ನೆಲ್ಲ ಉದುರಿಸಿಕೊಂಡಿತ್ತು. ಕತ್ತಿನ ಮೇಲೆ ಚರ್ಮ ದಪ್ಪಗಾಗಿ ನೆರಿಗೆ ಬಿದ್ದಿತ್ತು. ಡಾಕ್ಟರು ನೋಡಿ ಸ್ವೀಟ್ ಇಚ್ ಅಂದರು. ಕ್ಯುಲಿಕಾಯ್ಡೀಸ್ ಎಂಬ ಹುಳ ಕಚ್ಚಿದಾಗ ಅದರ ಎಂಜಲು ಕೆಲವು ಕುದುರೆಗಳಿಗೆ ಒಗ್ಗುವುದಿಲ್ಲ. ಪಕ್ಕದಲ್ಲೇ ನಿಂತ ಕುದುರೆಗೆ ಏನೂ ಆಗದೇ ಇರಬಹುದು.

ಈ ಹುಳಕ್ಕೆ ಕನ್ನಡದಲ್ಲಿ ಏನನ್ನಬೇಕು? ನಮ್ಮ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸಾಯಿಸರಲ್ಲಿ ಮೂವರು ವಿಜಯಪುರದ ಕಡೆಯವರು. ಅವರಿಗಾಗಿ ಒಂದು ಪುಟದ ಸೂಚನೆ ಬರೆದು ಗೋಡೆಗೆ ಅಂಟಿಸಬೇಕು. ಅದಕ್ಕೇ ಕೇಳುತ್ತಿದ್ದೇನೆ.

ಹೋದ ವರ್ಷ ನಾನು ಸೊಳ್ಳೆ ಅಂತಲೇ ಹೇಳಿದ್ದೆ. ಅವರು ಪೇಟೆಯಿಂದ ಸೊಳ್ಳೆ ಜಾಳಿ ತಂದು ಕಿಟಕಿ ಬಾಗಿಲಿಗೆಲ್ಲ ಬಿಗಿದರು. ತುರಿಕೆ ಮಾತ್ರ ಕಡಿಮೆ ಆಗಲಿಲ್ಲ. ಒಂದು ಸಂಜೆ ಟಾರ್ಚ್ ಹಿಡಿದು ಕಾದು ನೋಡಿದೆವು. ಪೆನ್ನಿನ ಚುಕ್ಕೆಯಷ್ಟು ದೊಡ್ಡದೊಂದು ಹುಳ ಬಂದು ಜಾಳಿಯ ಮೇಲೆ ಕೂತಿತು. ರೆಕ್ಕೆ ಒಂದರ ಮೇಲೊಂದು ಮಡಚಿಕೊಂಡಿತು. ಹಾಗೇ ಜಾಳಿಯ ಕಣ್ಣಿನೊಳಗೆ ತೂರಿ ಒಳಗೆ ಹೋಯಿತು. ಉದ್ದ 1ರಿಂದ 3 ಮಿಲಿಮೀಟರ್ ಅಷ್ಟೇ. ಸೊಳ್ಳೆಯ ಅಳತೆಯ ಜಾಳಿ ಅದನ್ನು ಹೇಗೆ ತಡೆದೀತು? ಜೊತೆಗಿದ್ದ ಹುಡುಗ ಅಂದ, "ಅಕ್ಕಾರ, ಇವು ಗುಂಗಾಡ ಅಲ್ರೀ. ಗುಂಗಾಡ ಕುಂತ್ರ ಕಾಣ್ತಾವ. ಇವು ಕಡದ ಮ್ಯಾಲ ತಿಳೀತಾವ." ಗುಂಗಾಡ ಅಂದರೆ ಅವರ ಕಡೆ ಸೊಳ್ಳೆ. ನಾನು ತಪ್ಪು ಪದ ಹೇಳಿದ್ದಕ್ಕೆ ಕುದುರೆ ಒಂದು ಮಳೆಗಾಲ ಪೂರ್ತಿ ನರಳಿತು.

ಇನ್ನೊಂದು ವ್ಯತ್ಯಾಸವೂ ಇದೆ. ಸೊಳ್ಳೆ ಸೂಜಿಯ ಹಾಗೆ ಚುಚ್ಚುತ್ತದೆ. ಇದು ಚರ್ಮವನ್ನು ಕೊಯ್ದು, ಒಸರಿದ ರಕ್ತ ಹೀರುತ್ತದೆ. ಹಾಗಾಗಿ ಇದಕ್ಕೆ ಕಚ್ಚು, ಕಡಿ ಅನ್ನುವುದೇ ಸರಿ, ಅಲ್ವಾ?

ನುಸಿ ಅನ್ನೋಣ ಅಂದರೆ ಕರಾವಳಿಯವರಿಗೆ ಅದು ಸೊಳ್ಳೆಯೇ. ತೆಂಗಿನ ತೋಟದವರಿಗೆ ಎಳೆಕಾಯಿಯ ರಸ ಹೀರುವ, ಹಾರಲು ಬಾರದ ಬೇರೆಯದೇ ಜೀವಿ. ಇಲ್ಲಿನ ಮರಾಠಿಯವರು ಚಿಲಟ ಅನ್ನುತ್ತಾರೆ. ಮಾಗಿದ ಬಾಳೆಹಣ್ಣಿನ ಸುತ್ತ ಹಾರುವುದಕ್ಕೂ ಅದೇ ಪದ, ಆದರೆ ಅದು ಕಚ್ಚುವುದಿಲ್ಲ. ನನ್ನ ಮನಸ್ಸು ನೊರಜಿನ ಕಡೆಗಿದೆ. ನೊರಜುಗಲ್ಲು ಅಂದಾಗ ಬರುವ ಸಣ್ಣತನ ಈ ಹುಳಕ್ಕೂ ಒಪ್ಪುತ್ತದೆ. ಸೊಳ್ಳೆ ಜೊತೆ ಕಲಸಿಹೋಗುವ ಭಯವೂ ಇಲ್ಲ. ಆದರೆ ವಿಜಯಪುರದ ಹುಡುಗರು ಆ ಪದ ಕೇಳಿಲ್ಲವಂತೆ.

ಕಾಯಿಲೆಯ ಹೆಸರಿನಲ್ಲೂ ತೊಡಕಿದೆ. ಸಿಹಿ ತುರಿಕೆ ಅಂದರೆ ಯಾರಿಗೂ ಏನೂ ತಿಳಿಯದು. ಕಜ್ಜಿ ಅಂದರೆ ಅಂಟುತ್ತದೆ ಅಂತ ಹೆದರಿ ಕುದುರೆಯನ್ನು ದೂರ ಕಟ್ಟುತ್ತಾರೆ. ಇದು ಅಂಟುವುದಿಲ್ಲ. ನೊರಜಿನ ತುರಿಕೆ ಅಂತ ಬರೆದರೆ ಹೇಗೆ?

ಸೂಚನೆಯನ್ನು ಸದ್ಯಕ್ಕೆ ಹೀಗೆ ಬರೆದಿದ್ದೇನೆ: "ಸಂಜೆ ಹೊತ್ತು ಮುಳುಗುವ ಮೊದಲೇ ಕುದುರೆಯನ್ನು ಒಳಗೆ ಕಟ್ಟಿ, ಬೆಳಗ್ಗೆ ಬಿಸಿಲು ಬಂದ ಮೇಲೆ ಬಿಡಿ. ಫ್ಯಾನ್ ಜೋರಾಗಿ ಹಾಕಿ, ಗಾಳಿಗೆ ಎದುರಾಗಿ ನೊರಜು ಹಾರಲಾರದು. ಲದ್ದಿ, ಒದ್ದೆ ಹುಲ್ಲು ಲಾಯದ ಹತ್ತಿರ ಬಿಡಬೇಡಿ. ಹೊಟ್ಟೆಯ ಕೆಳಗೂ ಬರುವಂತೆ ಜೂಲು ಹೊದಿಸಿ."

ಆ ಕೊನೆಯ ಪದವೂ ಕಾಡುತ್ತಿದೆ. ಆನೆಗೆ ಹೊದಿಸುವ ಬಟ್ಟೆಯೂ ಜೂಲು, ಜೂಲುನಾಯಿಯ ಉದ್ದ ಕೂದಲೂ ಜೂಲು. ಕುದುರೆ ಕತ್ತಿನ ಕೂದಲಿಗೂ ನಾವು ಅದನ್ನೇ ಹೇಳುತ್ತೇವೆ. ಒಂದೇ ಕಾಗದದಲ್ಲಿ ಎರಡೂ ಬಂದರೆ ಓದುವವರಿಗೆ ಗೊಂದಲ ಆದೀತೇ? ಹೊದಿಕೆ ಅಂದುಬಿಡಲೇ?

ಕುರಿಗಳಿಗೆ ನೀಲಿ ನಾಲಿಗೆ ರೋಗ ಹರಡುವುದೂ ಇದೇ ಕ್ಯುಲಿಕಾಯ್ಡೀಸ್. ಹಾಗಾಗಿ ಕುರಿ ಕಾಯುವವರ ಬಾಯಲ್ಲಿ ಇದಕ್ಕೊಂದು ಪದ ಇರಲೇಬೇಕು ಅನ್ನಿಸುತ್ತದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಯಾರ ಮನೆಯಲ್ಲಾದರೂ ಕುರಿ ಇದ್ದರೆ ಹಿರಿಯರನ್ನು ಕೇಳಿ ಬರೆಯುವಿರಾ? ಸಂಜೆ ಹಟ್ಟಿಯ ಹತ್ತಿರ ಹೊಗೆ ಹಾಕುವಾಗ ಅವರು ಯಾವ ಹುಳದ ಹೆಸರು ಹೇಳುತ್ತಾರೆ ಎಂದು ಕೇಳಿದರೆ ಸಾಕು.