ಚಿಕ್ಕಮ್ಮ, ಆ ಹಕ್ಕಿಮರಿಯನ್ನು ಡಬ್ಬದಿಂದ ಆಚೆ ಬಿಡಿ

ಚಿಕ್ಕಮ್ಮ, ಫೋಟೋ ಈಗ ನೋಡಿದೆ. ದಾಸವಾಳದ ಬುಡದಲ್ಲಿ ಮರಿ ಬಿದ್ದಿತ್ತು, ಡಬ್ಬದಲ್ಲಿ ಇಟ್ಟಿದ್ದೀವಿ, ಹಾಲು ಕುಡಿಸಲಾ ಅಂತ ಕೇಳಿದ್ದೀರಲ್ವಾ? ಹಾಲು ಬೇಡವೇ ಬೇಡ. ಬಾಯಿಗೆ ನೀರೂ ಬಿಡಬೇಡಿ. ಹಕ್ಕಿಗೆ ಉಸಿರಿನ ತೂತು ನಾಲಿಗೆಯ ಹಿಂದೆಯೇ ಇರುತ್ತದೆ, ನೀರು ಸೀದಾ ಶ್ವಾಸಕೋಶಕ್ಕೆ ಹೋಗಿಬಿಡುತ್ತದೆ.

ಅದು ಪಿಕಳಾರದ, ಅಂದರೆ ಬುಲ್‌ಬುಲ್ ಹಕ್ಕಿಯ ಮರಿ. ತಲೆ ಮೇಲೆ ಪುಟ್ಟ ಜುಟ್ಟು ಎದ್ದಿದೆ, ನೋಡಿ. ದೊಡ್ಡ ಹಕ್ಕಿಗೆ ಕಣ್ಣಿನ ಹಿಂದೆ ಇರುವ ಕೆಂಪು ಮಚ್ಚೆ ಇದಕ್ಕಿನ್ನೂ ಬಂದಿಲ್ಲ. ಬಾಯಿಯ ಅಂಚು ಹಳದಿ, ಬಾಲ ಮೋಟು. ಆದರೆ ಮೈತುಂಬ ಪುಕ್ಕ ಇದೆ, ನಿಮ್ಮ ಬೆರಳನ್ನು ಗಟ್ಟಿಯಾಗಿ ಹಿಡಿದು ಕೂತಿದೆ. ಅಂದರೆ ಅದು ಗೂಡಿಂದ ಬಿದ್ದದ್ದಲ್ಲ, ತಾನೇ ಇಳಿದು ಬಂದದ್ದು. ಪಿಕಳಾರದ ಮರಿಗಳು ಮೊಟ್ಟೆಯೊಡೆದ ಸುಮಾರು 12 ದಿನಕ್ಕೆ, ಹಾರಲು ಸರಿಯಾಗಿ ಬರುವ ಮೊದಲೇ ಗೂಡು ಬಿಡುತ್ತವೆ. ಆಮೇಲೂ ಅಪ್ಪ ಅಮ್ಮ ಇಬ್ಬರೂ ಹುಳ ತಂದು ಬಾಯಿಗೆ ಇಡುತ್ತವೆ. ಈಗ ಅವು ಮರಿಯನ್ನು ಹುಡುಕುತ್ತಿರುತ್ತವೆ, ಪಾಪ.

ಅದಕ್ಕೇ ಈಗಲೇ ಆ ದಾಸವಾಳದ ಪೊದೆಯೊಳಗೆ, ನೆರಳಿರುವ ಕೊಂಬೆ ನೋಡಿ ಕೂರಿಸಿ. ಕಾಂಪೌಂಡ್ ಗೋಡೆ ಮೇಲೆ ಬೇಡ, ಏಪ್ರಿಲ್ ಬಿಸಿಲು ಜೋರು, ಕಾಗೆ ಕಣ್ಣಿಗೂ ಬೀಳುತ್ತದೆ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸಲ್ಲ ಅನ್ನುವುದು ಸುಳ್ಳು, ಧೈರ್ಯವಾಗಿ ಎತ್ತಿ. ಕೂರಿಸಿದ ಮೇಲೆ ಒಳಗೆ ಬಂದು ಅಡುಗೆಮನೆ ಕಿಟಕಿಯಿಂದ ನೋಡಿ. ನೀವು ಹತ್ತಿರ ನಿಂತಿದ್ದರೆ ಅವು ಬರುವುದಿಲ್ಲ. ಕೊಕ್ಕಲ್ಲಿ ಹುಳ ಕಚ್ಚಿಕೊಂಡು ಮೊದಲು ತಂತಿ ಮೇಲೆ ಕೂರುತ್ತವೆ, ಆ ಕಡೆ ಈ ಕಡೆ ನೋಡಿ, ಆಮೇಲೆ ಪೊದೆಗೆ ನುಗ್ಗುತ್ತವೆ. ನೋಡಲು ಎಷ್ಟು ಚೆಂದ ಗೊತ್ತಾ!

ನಿಮ್ಮ ಬೆಕ್ಕನ್ನು ನಾಲ್ಕು ದಿನ ಒಳಗೇ ಇಟ್ಟುಕೊಳ್ಳಿ. ಇದೇ ಮುಖ್ಯ.

ಚಿಕ್ಕಪ್ಪ, ದಾಸವಾಳಕ್ಕೆ ಬಿಳಿ ಹುಳ ಹತ್ತಿದೆ, ಔಷಧಿ ಹೊಡೆಯಬೇಕು ಅಂದಿದ್ದೀರಿ. ದಯವಿಟ್ಟು ಈಗ ಬೇಡ. ಗಿಡದ ಮೇಲಿನ ಹುಳಹುಪ್ಪಟೆಗಳೇ ಮರಿಗಳ ಹೊಟ್ಟೆಗೆ ಹೋಗುವುದು. ಪೈಪಿನಲ್ಲಿ ಜೋರಾಗಿ ನೀರು ಬಿಟ್ಟರೂ ಬಿಳಿ ಹುಳ ಎಷ್ಟೋ ಉದುರುತ್ತವೆ. ಅದನ್ನೂ ಮರಿ ಪೂರ್ತಿ ಹಾರಿಹೋದ ಮೇಲೆ ಮಾಡಿ.

ಪುಟ್ಟ ಸಾಕೋಣ ಅಂತ ಹಟ ಮಾಡುತ್ತಿದ್ದಾನಂತೆ. ಕಾಡುಹಕ್ಕಿ ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅಂತ ಅವನಿಗೆ ಹೇಳಿ. ಬದಲಿಗೆ ಒಂದು ಅಗಲದ ಮಣ್ಣಿನ ತಟ್ಟೆ ಕೊಟ್ಟು, ಎರಡು ಬೆರಳು ನೀರು ಹಾಕುವ ಕೆಲಸ ವಹಿಸಿ. ಮಧ್ಯೆ ಒಂದು ಕಲ್ಲಿಟ್ಟರೆ ಅಳಿಲು, ಜೇನು ಎಲ್ಲಾ ಬರುತ್ತವೆ. ದಿನಾ ಉಜ್ಜಿ ನೀರು ಬದಲಿಸಿದರೆ ಸೊಳ್ಳೆ ಕಾಟವೂ ಇರುವುದಿಲ್ಲ.

ಮರಿಗೆ ರಕ್ತ ಬಂದಿದ್ದರೆ, ರೆಕ್ಕೆ ಜೋತಿದ್ದರೆ ಮಾತ್ರ 1926ಕ್ಕೆ ಫೋನ್ ಮಾಡಿ, ಅದು ಅರಣ್ಯ ಇಲಾಖೆ ಸಹಾಯವಾಣಿ. ತಾಯಿ ಬಂತಾ ಇಲ್ವಾ ಅಂತ ಸಂಜೆ ಒಂದು ಮೆಸೇಜ್ ಹಾಕಿ ಚಿಕ್ಕಮ್ಮ.